ಹಳೇ ಜೀಪಿಗೆ ಈ ರಾಡ್ ಇತ್ತಾ?

"ಹಳೇ ಜೀಪಿಗೆ ಈ ರಾಡ್ ಇತ್ತಾ ಸಾರ್? ಇರ್ಲಿಲ್ಲ. ಆದ್ರೂ ಓಡ್ಲಿಲ್ವಾ?"

ಎರಡಿಂಚು ಎತ್ತರಿಸಿದ ಥಾರ್‌ನ ಮುಂಭಾಗದಿಂದ ಉದ್ದನೆಯ ಬಾಗಿದ ರಾಡೊಂದನ್ನು ಬಿಚ್ಚಿ ಪಕ್ಕಕ್ಕಿಡುತ್ತಾ ಮೆಕ್ಯಾನಿಕ್ ಹೀಗೆ ಕೇಳಿದರಂತೆ. ಗಾಡಿ ನಮ್ಮ ಬಳಗದ ಗೆಳೆಯನ ಅಣ್ಣನದು. ಮೂಡಿಗೆರೆ ಕಡೆ ಅವರದು ಕಾಫಿ ತೋಟ. ರಾಡ್ ತೆಗೆದ ಮೇಲೆ ತೋಟದ ಕಲ್ಲುದಾರಿಯಲ್ಲಿ ಗಾಡಿ ನಿಜವಾಗಿಯೂ ಚೆನ್ನಾಗಿ ಹತ್ತಿತು. ಮೂರನೇ ವಾರ ಬೇಲೂರು ದಾಟಿ ಹಾಸನದ ಕಡೆ ಹೋಗುವಾಗ ಎಮ್ಮೆಯೊಂದು ಅಡ್ಡ ಬಂತು. ಅಣ್ಣ ಸ್ಟೇರಿಂಗ್ ಎಳೆದರು. ಗಾಡಿ ಒಂದು ಮಗ್ಗುಲಿಗೆ ವಾಲಿತು, ಮತ್ತೆ ಎಳೆದಾಗ ಇನ್ನೊಂದು ಮಗ್ಗುಲಿಗೆ ಇನ್ನೂ ಜೋರಾಗಿ ವಾಲಿ ಜೋಳದ ಹೊಲಕ್ಕೆ ನುಗ್ಗಿ ನಿಂತಿತು. ಮಗುಚಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು.

ಮೆಕ್ಯಾನಿಕ್ ಹೇಳಿದ್ದು ಸುಳ್ಳೇನಲ್ಲ. ಹಳೇ ಜೀಪಿಗೆ ಆ ರಾಡ್ ಇರಲಿಲ್ಲ. ಹಾಗಾದರೆ ಈಗ ಯಾಕೆ ಬೇಕು? ಇದನ್ನು ಕೇಳುವುದಕ್ಕೆ ನಾವು ಬಹಳ ದೂರ ಹೋಗಬೇಕಾಗಲಿಲ್ಲ.

ನಮ್ಮಲ್ಲಿ ಮೂವರು ಬೆಂಗಳೂರಿನ ದೊಮ್ಮಲೂರಿನಲ್ಲಿ ಒಂದು ರೂಮು ಹಿಡಿದಿದ್ದೇವೆ. ಪಕ್ಕದಲ್ಲೇ ಸೇನೆಯ ಎ.ಎಸ್.ಸಿ. ಸೆಂಟರ್. ಸೈನ್ಯಕ್ಕೆ ಅಕ್ಕಿ, ಬೇಳೆ, ಪೆಟ್ರೋಲು ಸಾಗಿಸುವ ಆರ್ಮಿ ಸರ್ವೀಸ್ ಕೋರ್‌ನ ತರಬೇತಿ ನಡೆಯುವ ಜಾಗ ಅದು. ಹಳೇ ಏರ್‌ಪೋರ್ಟ್ ರಸ್ತೆಯ ಫ್ಲೈಓವರ್ ಕೆಳಗೆ ಹತ್ತು ನಿಮಿಷ ನಿಂತರೆ ಒಂದು ಕಡೆ ಹಸಿರು ಬಣ್ಣದ ಮಿಲಿಟರಿ ಲಾರಿ, ಇನ್ನೊಂದು ಕಡೆ ದಪ್ಪ ಟೈರು ಹಾಕಿ ಎತ್ತರಿಸಿದ ಥಾರ್ ಒಟ್ಟಿಗೇ ಕಾಣಸಿಗುತ್ತವೆ. ಆ ಥಾರ್‌ಗಳಲ್ಲಿ ಎಷ್ಟು ಮಣ್ಣು ಕಂಡಿವೆಯೋ ದೇವರೇ ಬಲ್ಲ.

ನಮ್ಮ ಮನೆ ಮಾಲೀಕರು ಸೇನೆಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ನಾವು ತಾತ ಅಂತಲೇ ಕರೆಯುವುದು. ಜೋಳದ ಹೊಲದ ಕಥೆ ಕೇಳಿ ಅವರು ಮೊದಲು ಕೇಳಿದ್ದು, "ಎಷ್ಟರಲ್ಲಿ ಹೋಗ್ತಿದ್ರು?" ಎಂಬತ್ತು ಅಂದೆವು. "ನಾವು ಜೀಪಲ್ಲಿ ಕಾನ್ವಾಯ್ ಹೋದ್ರೆ ಮೂವತ್ತು, ನಲವತ್ತು. ಅದರ ಮೇಲೆ ಹೋದ್ರೆ ಬೈಸ್ಕೋತಿದ್ವಿ ಕಣ್ರಪ್ಪಾ" ಅಂದರು.

ಉತ್ತರ ಹೆಚ್ಚುಕಡಿಮೆ ಅಲ್ಲೇ ಸಿಕ್ಕಿತು. ಉಳಿದದ್ದು ಇತಿಹಾಸ.

ಈ ರಾಡಿಗೆ ಸ್ವೇ ಬಾರ್, ಆಂಟಿ ರೋಲ್ ಬಾರ್, ಸ್ಟೆಬಿಲೈಜರ್ ಬಾರ್ ಎಂದೆಲ್ಲ ಹೆಸರು. ಸ್ಪ್ರಿಂಗ್ ಉಕ್ಕಿನಿಂದ ಮಾಡಿದ, ಎರಡೂ ತುದಿ ಬಾಗಿರುವ ಸರಳು. ನಡುಭಾಗವನ್ನು ರಬ್ಬರ್ ಬುಷ್ ಹಾಕಿ ಚಾಸಿಗೆ ಹಿಡಿಸಿರುತ್ತಾರೆ. ತುದಿಗಳು ಚಿಕ್ಕ ಲಿಂಕ್ ರಾಡ್ ಮೂಲಕ ಎಡ-ಬಲ ಚಕ್ರಗಳ ಕಡೆಗೆ ಸೇರುತ್ತವೆ. ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದರೆ ಸರಳು ಸುಮ್ಮನೆ ತಿರುಗುತ್ತದೆ. ಒಂದೇ ಚಕ್ರ ಮೇಲೆದ್ದರೆ, ಒದ್ದೆ ಪಂಚೆಯನ್ನು ಇಬ್ಬರು ಹಿಡಿದು ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತದೆ. ಆದರೆ ಉಕ್ಕು ಪಂಚೆಯಲ್ಲ, ತಿರುಚಿದ್ದನ್ನು ಬಿಡಿಸಿಕೊಳ್ಳಲು ತಳ್ಳುತ್ತದೆ. ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲದಂತೆ ಹಿಡಿಯುವುದು ಇದೇ ತಳ್ಳಾಟ. ಸರಳಿನ ದಪ್ಪ ಸ್ವಲ್ಪ ಹೆಚ್ಚಿದರೂ ಬಿಗಿ ಬಹಳ ಏರುತ್ತದೆ. 20 ಮಿ.ಮೀ. ಬದಲು 25 ಮಿ.ಮೀ. ಹಾಕಿದರೆ ಬಿಗಿ ಸುಮಾರು ಎರಡೂವರೆ ಪಟ್ಟು.

ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1919ರಲ್ಲಿ, ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವರಿಗೆ. ಅಂದರೆ 1941ರಲ್ಲಿ ವಿಲ್ಲಿಸ್ ಜೀಪು ಯುದ್ಧಕ್ಕೆ ಹೊರಟಾಗ ಈ ಸರಳು ಹೊಸದೇನಲ್ಲ. ಗೊತ್ತಿದ್ದೂ ಜೀಪಿಗೆ ಹಾಕಲಿಲ್ಲ. ಆ ಜೀಪಿನ ಕಮಾನು ಪಟ್ಟಿಗಳೇ ಗಡಸು, ಗಾಡಿ ಗಿಡ್ಡ, ಕೆಲಸ ಹಳ್ಳ-ದಿಣ್ಣೆಯಲ್ಲಿ. ಹಳ್ಳಕ್ಕಿಳಿದ ಚಕ್ರ ನೆಲ ಬಿಡಬಾರದು, ಅಷ್ಟೇ ಮುಖ್ಯ. ಸರಳು ಹಾಕಿದರೆ ಒಂದು ಚಕ್ರ ಇನ್ನೊಂದನ್ನು ಎಳೆಯುತ್ತದೆ, ಚಕ್ರ ಗಾಳಿಯಲ್ಲಿ ತಿರುಗುತ್ತಾ ನಿಲ್ಲುತ್ತದೆ. ಕಲ್ಲುದಾರಿಗೆ ಹೋಗುವವರು ಇವತ್ತಿಗೂ ಸರಳು ಬಿಚ್ಚುವುದು ಇದೇ ಕಾರಣಕ್ಕೆ. ಕಾರಣ ಸರಿಯಾದದ್ದೇ.

1940ರ ದಶಕದ ಕೊನೆಗೆ ಮಹೀಂದ್ರಾದವರು ಮುಂಬೈಯಲ್ಲಿ ಅದೇ ವಿಲ್ಲಿಸ್ ಜೀಪನ್ನು ಜೋಡಿಸಲು ಶುರುಮಾಡಿದರು. ಮಲೆನಾಡಿನ ತೋಟಗಳಿಗೆ, ಸರ್ಕಾರಿ ಕಚೇರಿಗಳಿಗೆ ಬಂದದ್ದು ಆ ವಂಶದ ಗಾಡಿಗಳೇ. ಸೇನೆಗೆ 1969ರಿಂದ ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನ್ ಮಾದರಿಯ ಜೊಂಗಾ ತಯಾರಾಯಿತು. ತಾತ ಜೊಂಗಾ ಹೆಸರೆತ್ತಿದರೆ ಮಾತು ನಿಲ್ಲಿಸುವುದಿಲ್ಲ, ಅದನ್ನು ಇಲ್ಲಿ ಬರೆದರೆ ಈ ಲೇಖನವೂ ನಿಲ್ಲುವುದಿಲ್ಲ.

ಜೀಪು ಮಗುಚುವ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತದ್ದು ಅಮೆರಿಕದ ಸೇನೆ. 1960ರ ಹೊತ್ತಿಗೆ ಅವರು ಹಳೇ ಜೀಪಿನ ಬದಲು ಎಂ151 ಎಂಬ ಗಾಡಿ ತಂದರು. ಹಿಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಮೆತ್ತನೆಯ ಸಸ್ಪೆನ್ಷನ್. ಕಲ್ಲುಮಣ್ಣಿನಲ್ಲಿ ಸೊಗಸು, ತಿರುವಿನಲ್ಲಿ ವೇಗ ಹೆಚ್ಚಾದರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಗಾಡಿ ಪಲ್ಟಿ. 1970ರ ಸುಮಾರಿಗೆ ಹಿಂಭಾಗದ ವಿನ್ಯಾಸವನ್ನೇ ಬದಲಿಸಬೇಕಾಯಿತು. ಸೇವೆ ಮುಗಿದ ಎಂ151ಗಳನ್ನು ಜನರಿಗೆ ಹಾಗೇ ಮಾರದೆ, ತುಂಡು ಮಾಡಿ ಗುಜರಿಗೆ ಹಾಕಿದರು.

1985ರ ಕೊನೆಗೆ ಮಾರುತಿ ಜಿಪ್ಸಿ ಬಂತು. ಅದರದೇ ಕುಟುಂಬದ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಓಡುತ್ತಿತ್ತು. 1988ರಲ್ಲಿ ಅಲ್ಲಿನ ಗ್ರಾಹಕರ ಪತ್ರಿಕೆ 'ಕನ್ಸ್ಯೂಮರ್ ರಿಪೋರ್ಟ್ಸ್', ಅಡ್ಡ ಬಂದದ್ದನ್ನು ತಪ್ಪಿಸುವಾಗ ಇದು ಸುಲಭವಾಗಿ ಮಗುಚುತ್ತದೆ, ಕೊಳ್ಳಲು ಯೋಗ್ಯವಲ್ಲ ಎಂದು ಬರೆಯಿತು. ಸುಜುಕಿ ಒಪ್ಪಲಿಲ್ಲ. ಪರೀಕ್ಷೆಯೇ ಸರಿಯಿಲ್ಲವೆಂದು 1996ರಲ್ಲಿ ಕೇಸು ಹಾಕಿತು, 2004ರಲ್ಲಿ ರಾಜಿಯಾಯಿತು. ಯಾರು ಗೆದ್ದರು ಎನ್ನುವುದಕ್ಕಿಂತ ನಮಗೆ ಮುಖ್ಯವಾಗಿ ಕಂಡದ್ದು ಪರೀಕ್ಷೆಯ ರೀತಿ: ಒಮ್ಮೆ ಎಳೆ, ಮರುಕ್ಷಣ ವಾಪಸ್ ಎಳೆ. ಬೇಲೂರಿನ ಎಮ್ಮೆ ನಡೆಸಿದ್ದೂ ಅದನ್ನೇ. ನಮ್ಮ ಜಿಪ್ಸಿಯ ಎಡ-ಬಲ ಚಕ್ರಗಳ ನಡುವಿನ ಅಗಲವನ್ನು 1993ರಲ್ಲಿ 90 ಮಿ.ಮೀ. ಹೆಚ್ಚಿಸಿದರು.

ಅಗಲ ಯಾಕೆ ಮುಖ್ಯ ಎನ್ನುವುದು ಹುಲ್ಲಿನ ಗಾಡಿ ಹೊಡೆದವರಿಗೆ ಹೇಳಿಕೊಡಬೇಕಿಲ್ಲ. ಹೇರು ಎತ್ತರವಾದಷ್ಟೂ ಸಣ್ಣ ಕೊರಕಲಿಗೂ ಗಾಡಿ ಉರುಳುತ್ತದೆ. ಜೀಪನ್ನು ಎರಡಿಂಚು ಎತ್ತರಿಸುವುದೆಂದರೆ ಭಾರವನ್ನು ಎರಡಿಂಚು ಮೇಲಕ್ಕೆ ಹೇರಿದಂತೆ. ಚಕ್ರದ ಅಗಲ ಮಾತ್ರ ಅಷ್ಟೇ. ಸರಳು ಈ ಭಾರವನ್ನು ಕೆಳಗಿಳಿಸುವುದಿಲ್ಲ, ವಾಲುವುದನ್ನು ತಡೆಯುತ್ತದೆ ಅಷ್ಟೇ. ಅಂದರೆ ಗಾಡಿಗೆ ಅದರ ಅಗತ್ಯ ಹೆಚ್ಚಾದ ದಿನವೇ ಅದನ್ನು ಬಿಚ್ಚಿದ್ದೇವೆ. ಸಾಲದ್ದಕ್ಕೆ, 2020ರ ನಂತರದ ಥಾರ್‌ಗೆ ಹಿಂದೆ-ಮುಂದೆ ಎರಡೂ ಕಡೆ ಸರಳಿದೆ. ಮುಂದಿನದು ಮಾತ್ರ ತೆಗೆದರೆ ತಿರುವಿನ ಹೊರೆ ಹಿಂದಿನದರ ಮೇಲೆ ಬೀಳುತ್ತದೆ, ಗಾಡಿಯ ಹಿಂಭಾಗ ಜಾರುತ್ತದೆ. ಅಣ್ಣನ ಗಾಡಿ ಎರಡನೇ ಸಲ ಹೆಚ್ಚು ವಾಲಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಎನ್ನುವುದು ತಾತನ ಅಂದಾಜು.

ತಯಾರಕರು ಈ ಜಗಳಕ್ಕೆ ಕಂಡುಕೊಂಡ ದಾರಿ ಚೆನ್ನಾಗಿದೆ. 2007ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮುಂದಿನ ಸರಳಿನ ಎಡ-ಬಲ ತುಂಡುಗಳ ಕೊಂಡಿ ಕಳಚುತ್ತದೆ. ವೇಗ ಗಂಟೆಗೆ 29 ಕಿ.ಮೀ. ಆಸುಪಾಸು ದಾಟಿದರೆ ತಾನೇ ಮತ್ತೆ ಸೇರಿಕೊಳ್ಳುತ್ತದೆ. ತಾತನ ಕಾನ್ವಾಯ್ ವೇಗಕ್ಕೆ ಎಷ್ಟು ಹತ್ತಿರ ನೋಡಿ! ನಮ್ಮ ಥಾರ್‌ನಲ್ಲಿ ಆ ಗುಂಡಿಯಿಲ್ಲ. ಹೊರದೇಶಗಳಲ್ಲಿ ಪಿನ್ ಎಳೆದು ಬಿಚ್ಚುವ ಲಿಂಕ್‌ಗಳೂ ಇವೆ: ಕಲ್ಲುದಾರಿ ಶುರುವಾಗುವಲ್ಲಿ ಬಿಚ್ಚು, ಡಾಂಬರಿಗೆ ಬರುವ ಮೊದಲು ಹಾಕು. ಎತ್ತರಿಸಿದ ಗಾಡಿಯಲ್ಲಿ ಸರಳನ್ನು ಉಳಿಸಿಕೊಳ್ಳುವವರು ಉದ್ದದ ಲಿಂಕ್ ಹಾಕುತ್ತಾರೆ. ಹಳೇ ಲಿಂಕನ್ನೇ ಬಿಟ್ಟರೆ ಸರಳಿನ ತುದಿಗಳು ಓರೆಯಾಗಿ ಎಳೆದು ನಿಲ್ಲುತ್ತವೆ, ಬುಷ್ ಬೇಗ ಹರಿಯುತ್ತದೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದರು.

ಅಣ್ಣನ ಸರಳು ಕಾಫಿ ಕಣದ ಶೆಡ್ಡಿನಲ್ಲಿ, ಗೊಬ್ಬರದ ಚೀಲಗಳ ಹಿಂದೆ ಸಿಕ್ಕಿತು. ಹೊಸ ಬುಷ್ ಹಾಕಿಸಿ ಅದನ್ನು ಮತ್ತೆ ಕೂರಿಸಿದ್ದಾರೆ. ಎರಡಿಂಚು ಇನ್ನೂ ಇಳಿದಿಲ್ಲ. ಅದನ್ನೂ ಇಳಿಸುವ ತನಕ ಮಕ್ಕಳನ್ನು ಆ ಗಾಡಿಯಲ್ಲಿ ಕಳಿಸುವುದಿಲ್ಲ ಎಂದು ಅತ್ತಿಗೆ ಪಟ್ಟು ಹಿಡಿದಿದ್ದಾರೆ.