ಸಾರಾಂಶ ಬರೆಯುವ ಗಣಕ, ಅದನ್ನು ಅಳೆಯುವ ಕೋಲು

ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟದ ಸುದ್ದಿಯೊಂದು ಬಂದಿದೆ ಎಂದು ಊಹಿಸಿಕೊಳ್ಳಿ. ಉಪಸಂಪಾದಕರು ಅದನ್ನು ಒಂದೇ ಸಾಲಿಗೆ ಇಳಿಸಿದ್ದಾರೆ: ‘ಹಿರೇಬೆಂಡಿಗೇರಿ ರೈತರಿಗೆ ಬೆಳೆವಿಮೆ ಹಣ ಇನ್ನೂ ಬಂದಿಲ್ಲ’. ಅದೇ ಸುದ್ದಿಯನ್ನು ಎರಡು ತಂತ್ರಾಂಶಗಳಿಗೂ ಕೊಡೋಣ. ಮೊದಲನೆಯದು ‘ಹಿರೇಬೆಂಡಿಗೇರಿ ರೈತರಿಗೆ ಬೆಳೆವಿಮೆ ಹಣ ಬಂದಿದೆ’ ಎನ್ನುತ್ತದೆ. ಎರಡನೆಯದು ‘ಬೆಳೆವಿಮೆಯ ಹಣಕ್ಕಾಗಿ ಹಿರೇಬೆಂಡಿಗೇರಿಯ ರೈತರು ಕಾಯುತ್ತಿದ್ದಾರೆ’ ಎನ್ನುತ್ತದೆ. ನೀವು ಯಾವುದಕ್ಕೆ ಹೆಚ್ಚು ಅಂಕ ಕೊಡುತ್ತೀರಿ?

ಸಾರಾಂಶಗಳನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ವಿಧಾನದ ಸರಳ ರೂಪ, ಮನುಷ್ಯ ಬರೆದ ಸಾರಾಂಶದ ಎಷ್ಟು ಪದಗಳು ಯಂತ್ರದ ಸಾರಾಂಶದಲ್ಲೂ ಇವೆ ಎಂದು ಎಣಿಸುತ್ತದೆ. ಉಪಸಂಪಾದಕರ ಸಾಲಿನಲ್ಲಿರುವ ಪದಗಳು 6. ಸುಳ್ಳು ಹೇಳಿದ ಮೊದಲ ತಂತ್ರಾಂಶಕ್ಕೆ 6ಕ್ಕೆ 4 ಅಂಕ. ನಿಜ ಹೇಳಿದ ಎರಡನೆಯದಕ್ಕೆ ಸೊನ್ನೆ. ‘ಬೆಳೆವಿಮೆ’ಯೇ ಬೇರೆ, ‘ಬೆಳೆವಿಮೆಯ’ವೇ ಬೇರೆ; ‘ರೈತರಿಗೆ’ ಬೇರೆ, ‘ರೈತರು’ ಬೇರೆ ಎಂಬುದು ಈ ಕೋಲಿನ ತೀರ್ಪು. ಇಂಥ ಕೋಲು ನಮ್ಮ ಕೈಗೆ ಹೇಗೆ ಬಂತು ಎಂಬುದಕ್ಕೆ ಆರು ದಶಕಗಳಿಗೂ ಮೀರಿದ ಇತಿಹಾಸವಿದೆ.

ಆರಂಭ 1958ರಲ್ಲಿ. ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಜರ್ಮನಿಯಲ್ಲಿ ಹುಟ್ಟಿದವರು. ಗಣಕದ ಕ್ಷೇತ್ರಕ್ಕೆ ಬರುವ ಮೊದಲು ಜವಳಿ ಉದ್ಯಮದಲ್ಲಿದ್ದು, ಬಟ್ಟೆಯ ನೂಲಿನೆಳೆಗಳನ್ನು ಎಣಿಸುವ ‘ಲೂನೋಮೀಟರ್’ ಎಂಬ ಅಳತೆಪಟ್ಟಿಯನ್ನು ರೂಪಿಸಿದ್ದರು. ಎಳೆ ಎಣಿಸಿದ ಮನುಷ್ಯ ಪದಗಳನ್ನು ಎಣಿಸಲು ಹೊರಟದ್ದು ಸಹಜವೇ! ಲೇಖನದಲ್ಲಿ ಮತ್ತೆ ಮತ್ತೆ ಬರುವ ಪದಗಳೇ ಅದರ ವಿಷಯವನ್ನು ಹೇಳುತ್ತವೆ ಎಂಬುದು ಅವರ ತರ್ಕ. ‘ಮತ್ತು’, ‘ಆದರೆ’ ಮೊದಲಾದವಕ್ಕೆ ಸಮನಾದ ಅತಿ ಸಾಮಾನ್ಯ ಪದಗಳನ್ನು ಅವರು ಬಿಟ್ಟರು, ಅಪರೂಪದವನ್ನೂ ಬಿಟ್ಟರು, ನಡುವಿನವನ್ನು ಮುಖ್ಯ ಪದಗಳೆಂದು ಹಿಡಿದರು. ವಾಕ್ಯವೊಂದರಲ್ಲಿ ಮುಖ್ಯ ಪದಗಳು ಒತ್ತಾಗಿ ಬಂದಿರುವ ಭಾಗವನ್ನು ಗುರುತಿಸಿ, ಅವುಗಳ ಸಂಖ್ಯೆಯ ವರ್ಗವನ್ನು ಆ ಭಾಗದ ಒಟ್ಟು ಪದಗಳಿಂದ ಭಾಗಿಸಿದರೆ ವಾಕ್ಯದ ಅಂಕ ಸಿಗುತ್ತದೆ. ಏಳು ಪದಗಳ ಭಾಗದಲ್ಲಿ ನಾಲ್ಕು ಮುಖ್ಯ ಪದಗಳಿದ್ದರೆ 16ನ್ನು 7ರಿಂದ ಭಾಗಿಸಿ ಸುಮಾರು 2.3. ಹೆಚ್ಚು ಅಂಕ ಪಡೆದ ವಾಕ್ಯಗಳನ್ನು ಮೂಲದ ಕ್ರಮದಲ್ಲೇ ಮುದ್ರಿಸಿದರೆ ಸಾರಾಂಶ ಸಿದ್ಧ. ನರಮಂಡಲದ ಸಂದೇಶವಾಹಕಗಳನ್ನು ಕುರಿತ ಲೇಖನವೊಂದನ್ನು ಅವರು ಹೀಗೆ ಐಬಿಎಂ 704 ಗಣಕದ ಮೂಲಕ ಸಂಕ್ಷೇಪಿಸಿ ತೋರಿಸಿದರು.

ಒಂದು ಸಂಗತಿಯನ್ನು ಗಮನಿಸಿ. ಒಂದೇ ಪದದ ಬೇರೆ ಬೇರೆ ರೂಪಗಳನ್ನು ಒಂದಾಗಿ ಎಣಿಸಬೇಕೆಂಬುದು ಲೂನ್ ಅವರಿಗೆ ಅಂದೇ ಹೊಳೆದಿತ್ತು. ಎರಡು ಪದಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಕೊನೆಯ ಕೆಲವೇ ಅಕ್ಷರಗಳು ಬೇರೆಯಾದರೆ ಎರಡೂ ಒಂದೇ ಎಂದು ಅವರು ತೀರ್ಮಾನಿಸುತ್ತಿದ್ದರು. ಇಂಗ್ಲಿಷಿಗೆ ಈ ಉಪಾಯ ಸಾಕಾಗಬಹುದು. ಕನ್ನಡದಲ್ಲಿ ‘ಕೆರೆ’ ಎಂಬ ಎರಡಕ್ಷರದ ಪದ ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದಲೂ ಎಂದು ಬೆಳೆಯುತ್ತಲೇ ಹೋಗುತ್ತದೆ. ಬಾಲವೇ ತಲೆಗಿಂತ ಉದ್ದ.

1961ರಲ್ಲಿ ಅಮೆರಿಕದ ರಾಥ್, ರೆಸ್ನಿಕ್ ಮತ್ತು ಸಾವೇಜ್ ಎಂಬ ಸಂಶೋಧಕರು ಮನುಷ್ಯರನ್ನೇ ಪರೀಕ್ಷಿಸಿದರು. ಲೇಖನವೊಂದರ ಪ್ರಾತಿನಿಧಿಕ ವಾಕ್ಯಗಳನ್ನು ಆರಿಸಿ ಎಂದರೆ ಓದುಗರು ಪರಸ್ಪರ ಒಪ್ಪಲಿಲ್ಲ. ಅದಕ್ಕಿಂತ ಸೋಜಿಗವೆಂದರೆ, ಕೆಲವು ವಾರಗಳ ನಂತರ ಅದೇ ಲೇಖನವನ್ನು ಅದೇ ವ್ಯಕ್ತಿಗೆ ಕೊಟ್ಟಾಗ ಮೊದಲು ಆರಿಸಿದ್ದ ವಾಕ್ಯಗಳಲ್ಲಿ ಸುಮಾರು ಶೇ. 55ರಷ್ಟನ್ನು ಮಾತ್ರ ಮತ್ತೆ ಆರಿಸಿದರು. ಹಾಗಾದರೆ ಯಂತ್ರವನ್ನು ಯಾರ ಸಾರಾಂಶಕ್ಕೆ ಹೋಲಿಸುವುದು? ಈ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ನಿಮ್ಮ ಮನೆಯಲ್ಲೇ ಮೂವರಿಗೆ ಒಂದೇ ಸಂಪಾದಕೀಯವನ್ನು ಕೊಟ್ಟು ಐದೈದು ಮುಖ್ಯ ವಾಕ್ಯಗಳಿಗೆ ಗೆರೆ ಎಳೆಯಲು ಹೇಳಿ, ಫಲಿತಾಂಶ ನೋಡಿ.

1969ರಲ್ಲಿ ಎಡ್ಮಂಡ್‌ಸನ್ ಬೇರೆ ದಾರಿ ಹಿಡಿದರು. ಶೀರ್ಷಿಕೆಯ ಪದಗಳು, ‘ಮಹತ್ವದ’, ‘ಅಸಾಧ್ಯ’ ಎಂಬಂಥ ಸುಳಿವು ಪದಗಳು, ವಾಕ್ಯ ಲೇಖನದಲ್ಲಿರುವ ಸ್ಥಾನ, ಇವುಗಳಿಗೂ ಅಂಕ ಕೊಟ್ಟರು. ಈ ಮೂರೂ ಸೇರಿದರೆ ಲೂನ್ ಅವರ ಆವರ್ತನ ಎಣಿಕೆಯನ್ನು ಕೈಬಿಟ್ಟಾಗಲೇ ಫಲಿತಾಂಶ ಉತ್ತಮವೆಂದು ಕಂಡರು. ಮೊದಲ ಮತ್ತು ಕೊನೆಯ ವಾಕ್ಯಗಳೇ ಮುಖ್ಯ ಎಂಬ ನಿಯಮ ಆಮೇಲೆ ಎಲ್ಲೆಡೆ ಬೇರೂರಿತು.

ಈ ನಿಯಮವನ್ನು ಹಿರೇಬೆಂಡಿಗೇರಿಯ ಸುತ್ತಣ ಸೀಮೆಗೆ ತಂದು ನೋಡೋಣ. ಹಾನಗಲ್ಲು, ಸವಣೂರು, ಶಿಗ್ಗಾವಿ, ಹಿರೇಕೆರೂರು ಶಾಸನಗಳ ನಾಡು. ಇಲ್ಲಿನ ದಾನಶಾಸನವೊಂದು ಸಾಮಾನ್ಯವಾಗಿ ದೇವತಾಸ್ತುತಿಯಿಂದ ತೊಡಗಿ, ಅರಸನ ಬಿರುದುಗಳನ್ನು ಸಾಲುಸಾಲಾಗಿ ಹೇಳಿ, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ ಹಾಕಿ ಮುಗಿಯುತ್ತದೆ. ಯಾರು, ಯಾವ ದಿನ, ಯಾವ ದೇವಾಲಯಕ್ಕೆ, ಎಷ್ಟು ಮತ್ತರು ಭೂಮಿ ಬಿಟ್ಟರು ಎಂಬುದು ನಡುವಿನ ಕೆಲವೇ ಸಾಲುಗಳಲ್ಲಿ ಇರುತ್ತದೆ. ಎಡ್ಮಂಡ್‌ಸನ್ ಅವರ ಸ್ಥಾನದ ನಿಯಮ ಸ್ತುತಿಯನ್ನೂ ಶಾಪವನ್ನೂ ಆರಿಸುತ್ತದೆ. ಲೂನ್ ಅವರ ಎಣಿಕೆ ಬಿರುದುಗಳತ್ತ ವಾಲುತ್ತದೆ. ದಾನ ಮಾತ್ರ ಕೈತಪ್ಪುತ್ತದೆ. ಭಾರತೀಯ ಶಾಸನಶಾಸ್ತ್ರದ ವಾರ್ಷಿಕ ವರದಿಗಳನ್ನು ಸಿದ್ಧಪಡಿಸಿದ ವಿದ್ವಾಂಸರು ಗಣಕಗಳಿಗಿಂತ ಎಷ್ಟೋ ಮೊದಲೇ ಇದನ್ನು ಬಲ್ಲವರಾಗಿದ್ದರು. ಊರು, ರಾಜವಂಶ, ಅರಸ, ತೇದಿ, ಭಾಷೆ ಎಂದು ಅಂಕಣ ಹಾಕಿ, ಕೊನೆಯ ಅಂಕಣದಲ್ಲಿ ಕೆಲವೇ ಸಾಲುಗಳಲ್ಲಿ ದಾನದ ವಿವರ ಬರೆದರು. ಅವರು ಪದಗಳನ್ನು ಎಣಿಸುತ್ತಿರಲಿಲ್ಲ, ಶಾಸನಕ್ಕೆ ಪ್ರಶ್ನೆ ಕೇಳುತ್ತಿದ್ದರು.

ಗಣಕಕ್ಕೆ ಕನ್ನಡ ಪಠ್ಯ ದೊರೆತದ್ದೇ ತಡವಾಗಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ಕಲೆಹಾಕಿದ ಕನ್ನಡ ಪಠ್ಯಕೋಶ ಸುಮಾರು 30 ಲಕ್ಷ ಪದಗಳದ್ದು. ಪತ್ರಿಕೆಗಳ ಪಠ್ಯ ಬಹುಕಾಲ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿತ್ತು. ಒಂದು ಕಡೆಯದನ್ನು ಇನ್ನೊಂದು ಕಡೆ ತೆರೆದರೆ ಬರೀ ಗೀಚು. 2011ರಲ್ಲಿ ಬೆಂಗಳೂರಿನ ಆರ್. ಜಯಶ್ರೀ, ಕೆ. ಶ್ರೀಕಂಠಮೂರ್ತಿ ಮತ್ತು ಸಂಗಡಿಗರು ಅಂತರಜಾಲದ ಕನ್ನಡ ಲೇಖನಗಳನ್ನು ವಿಷಯವಾರು ವಿಂಗಡಿಸಿ, ಅವುಗಳಿಂದ ಮುಖ್ಯ ಪದಗಳನ್ನು ಹೆಕ್ಕಿ, ವಾಕ್ಯಗಳಿಗೆ ಶ್ರೇಯಾಂಕ ನೀಡುವ ವಿಧಾನವನ್ನು ಪ್ರಕಟಿಸಿದರು. ಪದ ಈ ಲೇಖನದಲ್ಲಿ ಎಷ್ಟು ಸಲ ಬಂದಿದೆ ಎಂಬುದರ ಜೊತೆಗೆ, ಉಳಿದ ಲೇಖನಗಳಲ್ಲಿ ಎಷ್ಟು ವಿರಳ, ಆ ವಿಷಯಕ್ಕೆ ಎಷ್ಟು ನಿಷ್ಠ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ವಿರಳತೆಯ ಲೆಕ್ಕವನ್ನು 1972ರಲ್ಲಿ ಸೂಚಿಸಿದವರು ಬ್ರಿಟನ್ನಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್.

ಇಷ್ಟರಲ್ಲಿ ಅಳೆಯುವ ಕೋಲು ಸಿದ್ಧವಾಗಿತ್ತು. 2004ರಲ್ಲಿ ಚಿನ್-ಯೂ ಲಿನ್ ‘ರೂಜ್’ ಎಂಬ ಪದ ಹೋಲಿಕೆಯ ವಿಧಾನವನ್ನು ವಿವರಿಸಿದರು. ಆರಂಭದ ಉದಾಹರಣೆಯಲ್ಲಿ ನೀವು ನೋಡಿದ್ದು ಇದನ್ನೇ. ಅಗ್ಗ, ವೇಗ, ಎಲ್ಲರಿಗೂ ಒಂದೇ ಅಂಕ. ಆದರೆ ಇದರ ಮೂಲ ತಂತ್ರಾಂಶವೂ, ಬಳಿಕ ಜನಪ್ರಿಯವಾದ ಪೈಥಾನ್ ರೂಪವೂ ಪಠ್ಯವನ್ನು ‘ಶುಚಿ’ಗೊಳಿಸುವಾಗ ಇಂಗ್ಲಿಷಿನ 26 ಅಕ್ಷರ ಮತ್ತು 0-9 ಅಂಕಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿಹಾಕುತ್ತವೆ. ಹಾಗೆಯೇ ಬಳಸಿದರೆ ನಮ್ಮ ಎರಡೂ ಸಾರಾಂಶಗಳಿಗೆ ಸೊನ್ನೆಯೇ! ಸುದ್ದಿಯಲ್ಲಿ ‘2023’ ಎಂದಿದ್ದರೆ ಅದೊಂದು ಮಾತ್ರ ಹೊಂದುತ್ತದೆ. ಕನ್ನಡ ಸಾರಾಂಶ ಕೆಟ್ಟದ್ದೆಂದು ತೋರಿದಾಗ ಕೆಟ್ಟದ್ದು ಸಾರಾಂಶವೋ ಕೋಲೋ ಎಂದು ವಿಚಾರಿಸಬೇಕಾಗುತ್ತದೆ.

2021ರಲ್ಲಿ 44 ಭಾಷೆಗಳ ಬಿಬಿಸಿ ಸುದ್ದಿಗಳಿಂದ ‘ಎಕ್ಸ್‌ಎಲ್-ಸಮ್’ ದತ್ತಸಂಗ್ರಹ ಬಂತು. ಅದರ ಕರ್ತೃಗಳು ಬಹುಭಾಷೆಗೆ ಒಗ್ಗುವ ರೂಜ್ ಒಂದನ್ನೂ ಒದಗಿಸಿದರು. ತಮಿಳು, ತೆಲುಗು, ಮರಾಠಿ, ಗುಜರಾತಿಗಳಿದ್ದ ಆ ಸಂಗ್ರಹದಲ್ಲಿ ಕನ್ನಡವಿಲ್ಲ, ಬಿಬಿಸಿಗೆ ಕನ್ನಡ ಸೇವೆಯೇ ಇರಲಿಲ್ಲ. ಆ ಕೊರತೆಯನ್ನು 2022ರಲ್ಲಿ ಎಐ4ಭಾರತ್ ತಂಡದ ಭಾರತೀಯ ಭಾಷೆಗಳ ಶೀರ್ಷಿಕೆ ಮತ್ತು ವಾಕ್ಯ-ಸಂಕ್ಷೇಪ ಸಂಗ್ರಹ ಸ್ವಲ್ಪ ಮಟ್ಟಿಗೆ ತುಂಬಿತು. ಎಐ4ಭಾರತ್ ತಂಡದ ಈ ಸಂಗ್ರಹ ಸುದ್ದಿಯ ಶೀರ್ಷಿಕೆಯನ್ನೇ ಸಾರಾಂಶವೆಂದು ಹಿಡಿಯುತ್ತದೆ ಎಂಬುದು ನೆನಪಿರಲಿ. ನಮ್ಮ ಪತ್ರಿಕೆಗಳ ಶ್ಲೇಷೆಯ ಶೀರ್ಷಿಕೆಗಳನ್ನು ಬಲ್ಲವರಿಗೆ ಇದರ ಅಪಾಯ ಗೊತ್ತು.

ಈಗಿನ ದೊಡ್ಡ ಭಾಷಾ ಮಾದರಿಗಳು ವಾಕ್ಯಗಳನ್ನು ಆರಿಸುವ ಬದಲು ತಾವೇ ಹೊಸದಾಗಿ ಬರೆಯುತ್ತವೆ. ಕನ್ನಡವೂ ಸರಾಗ. ಆದ್ದರಿಂದಲೇ ತಪ್ಪು ಬೇಗ ಕಾಣುವುದಿಲ್ಲ. 2020ರ ಒಂದು ಇಂಗ್ಲಿಷ್ ಅಧ್ಯಯನದಲ್ಲಿ ಅಂದಿನ ಮಾದರಿಗಳು ಬರೆದ ಒಂದು ವಾಕ್ಯದ ಸಾರಾಂಶಗಳಲ್ಲಿ ಶೇ. 70ಕ್ಕೂ ಹೆಚ್ಚಿನವು ಮೂಲದಲ್ಲಿ ಇಲ್ಲದ ಏನನ್ನಾದರೂ ಹೇಳಿದ್ದವು. ಕನ್ನಡದಲ್ಲಿ ನಿಷೇಧ ಕ್ರಿಯಾಪದದೊಳಗೇ ಬೆರೆತಿರುತ್ತದೆ. ‘ಬಂದಿದೆ’ ಮತ್ತು ‘ಬಂದಿಲ್ಲ’ಗಳ ನಡುವೆ ಇರುವುದು ಒಂದೆರಡು ಅಕ್ಷರ, ಆದರೆ ರೈತ ಬ್ಯಾಂಕಿಗೆ ಅಲೆಯಬೇಕೇ ಬೇಡವೇ ಎಂಬುದು ಅದರ ಮೇಲೆಯೇ ನಿಂತಿದೆ.

ಶಾಸನಶಾಸ್ತ್ರಜ್ಞರ ದಾರಿಗೆ ಹತ್ತಿರವಾದ ವಿಧಾನವೂ ಒಂದಿದೆ. 1998ರ ‘ಸಮ್ಯಾಕ್’ ಎಂಬ ಅಮೆರಿಕದ ಪರೀಕ್ಷೆಯಲ್ಲಿ, ಮೂಲದ ಬಗ್ಗೆ ಸಿದ್ಧಪಡಿಸಿದ ಪ್ರಶ್ನೆಗಳಿಗೆ ಸಾರಾಂಶದಿಂದ ಉತ್ತರ ಸಿಗುತ್ತದೆಯೇ ಎಂದೂ ನೋಡಿದ್ದರು. ಅದನ್ನೇ ನಮ್ಮ ಸುದ್ದಿಗೆ ಅನ್ವಯಿಸಿ. ಯಾವ ಊರು? ಯಾರಿಗೆ? ಯಾವ ಹಣ? ಬಂದಿದೆಯೇ? ಮೊದಲ ತಂತ್ರಾಂಶ ಮೂರಕ್ಕೆ ಸರಿಯಾಗಿ ಉತ್ತರಿಸಿ ನಾಲ್ಕನೆಯದರಲ್ಲಿ ಬೀಳುತ್ತದೆ. ಸೊನ್ನೆ ಪಡೆದಿದ್ದ ಎರಡನೆಯದಕ್ಕೆ ನಾಲ್ಕಕ್ಕೆ ನಾಲ್ಕು.