ಓಲೆಗರಿಯಿಂದ ಕೂರಿಗೆಯವರೆಗೆ

ಮೈಸೂರು ವಿಶ್ವವಿದ್ಯಾನಿಲಯವನ್ನು ನೋಡಬಯಸುವವರು ನೇರವಾಗಿ ಮಾನಸಗಂಗೋತ್ರಿಗೆ ಹೋಗಿಬಿಡುವುದು ವಾಡಿಕೆ. ನಿವೃತ್ತನಾದ ಮೇಲೆ ಮೈಸೂರಿಗೆ ಬಂದಾಗಲೆಲ್ಲ ನನ್ನ ನಡಿಗೆ ಮಾತ್ರ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮುಂದಿನಿಂದಲೇ ಮೊದಲಾಗುತ್ತದೆ. ವಿಶ್ವವಿದ್ಯಾನಿಲಯಕ್ಕಿಂತ ಇಪ್ಪತ್ತೈದು ವರ್ಷ ಹಿರಿಯದಾದ ಈ ಸಂಸ್ಥೆ 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಹುಟ್ಟಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ಇಲ್ಲಿಯ ಆರ್. ಶಾಮಶಾಸ್ತ್ರಿಗಳು. ಹೆಸರಿನಿಂದ ಮಾತ್ರ ಪರಿಚಿತವಾಗಿದ್ದ ಗ್ರಂಥವೊಂದು ಹೀಗೆ ಲೋಕದ ಕೈಗೆ ಬಂದಿತು.

ಅಲ್ಲಿಂದ ಮಹಾರಾಜಾ ಕಾಲೇಜು ದೂರವೇನಲ್ಲ. 1918ರಿಂದ ಮೂರು ವರ್ಷ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ರಾಧಾಕೃಷ್ಣನ್ ಅವರು ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಅಲಂಕರಿಸಿದ ಗಾಡಿಯನ್ನು ವಿದ್ಯಾರ್ಥಿಗಳೇ ರೈಲು ನಿಲ್ದಾಣದವರೆಗೆ ಎಳೆದರಂತೆ. ನಮ್ಮಂಥವರಿಗೆ ದೊರೆತದ್ದು ಒಂದು ಶಾಲು, ಒಂದು ಗೋಡೆ ಗಡಿಯಾರ, ಅದೂ ಸಲ್ಲಬೇಕಾದದ್ದೇ! ನನ್ನನ್ನು ಇಲ್ಲಿ ತಡೆದು ನಿಲ್ಲಿಸುವುದು ಬೇರೊಂದು ಸಂಗತಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು 1916ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ನಾಡಿನ ವಿದ್ಯಾಪೀಠದಲ್ಲಿ ನಾಡನುಡಿ ಹನ್ನೊಂದು ವರ್ಷ ಹೊಸ್ತಿಲಾಚೆ ಕಾಯಬೇಕಾಯಿತು. ಬಾಗಿಲು ತೆರೆದಾಗ ಒಳಬಂದವರು ಯಾರು! ಪಾಠ ಹೇಳಲು ಟಿ.ಎಸ್. ವೆಂಕಣ್ಣಯ್ಯನವರು, ಕೇಳಲು ಕುವೆಂಪು, ಡಿ.ಎಲ್. ನರಸಿಂಹಾಚಾರ್ಯರು. ಮುಂದೆ ಕುವೆಂಪು ಅವರು ಶ್ರೀರಾಮಾಯಣದರ್ಶನವನ್ನು ಅರ್ಪಿಸಿದ್ದು ಈ ಗುರುವಿಗೇ.

ಕ್ರಾಫರ್ಡ್ ಭವನವನ್ನು ಹಾದು ಕುಕ್ಕರಹಳ್ಳಿ ಕೆರೆಯ ಏರಿ ಹಿಡಿದರೆ ಮಾನಸಗಂಗೋತ್ರಿ. ಹೆಸರಿಟ್ಟವರು, 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು. ಹೊಸ್ತಿಲಾಚೆ ಕಾದಿದ್ದ ತರಗತಿಯ ವಿದ್ಯಾರ್ಥಿಯೇ ಇಡೀ ಆವರಣಕ್ಕೆ ಹೆಸರಿಡುವಂತಾಯಿತು.

ಇದರೊಳಗೇ ಇದೆ ಜಯಲಕ್ಷ್ಮೀವಿಲಾಸ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಆ ಸೌಧ ವಿಶ್ವವಿದ್ಯಾನಿಲಯಕ್ಕೆ ಸೇರಿ, ಜಾನಪದ ವಸ್ತುಸಂಗ್ರಹಾಲಯವಾಯಿತು. ವಸ್ತುಗಳನ್ನು ಹಳ್ಳಿಹಳ್ಳಿ ತಿರುಗಿ ಕೂಡಿಸಿದವರಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರನ್ನು ಮೊದಲು ನೆನೆಯಬೇಕು.

ಎಂ.ಎ. ಓದುತ್ತಿದ್ದಾಗ ಸಹಪಾಠಿಗಳೊಡನೆ ಅಲ್ಲಿಗೆ ಹೋಗಿದ್ದೆ. ಕೂರಿಗೆಯೊಂದರ ಮುಂದೆ ನಿಂತು, ಹಿಂದಿನ ಕಾಲದ ರೈತರು ಇದರಿಂದ ಬಿತ್ತುತ್ತಿದ್ದರೆಂದು ಪಟ್ಟಣದ ಗೆಳೆಯನೊಬ್ಬ ವಿವರಿಸತೊಡಗಿದ. ಅದೇ ಮುಂಗಾರಿನಲ್ಲಿ ನನ್ನ ತಂದೆ ಅಂಥದೇ ಕೂರಿಗೆ ಹೂಡಿ ರಾಗಿ ಬಿತ್ತಿದ್ದರು. ಹೇಳಬಹುದಾಗಿತ್ತು, ಹೇಳಲಿಲ್ಲ. ಹಳಗನ್ನಡ ಛಂದಸ್ಸನ್ನು ಅರಳು ಹುರಿದಂತೆ ಒಪ್ಪಿಸುತ್ತಿದ್ದ ನಾಲಗೆ, ಮನೆಯ ಕೂರಿಗೆಯನ್ನು ತನ್ನದೆನ್ನಲು ನಾಚಿತು.

ದೀಪಾವಳಿಗೆ ಊರಿಗೆ ಹೋದಾಗ, ಕೂರಿಗೆಯನ್ನು ಅರಮನೆಯಲ್ಲಿಟ್ಟಿದ್ದಾರೆಂದು ತಂದೆಗೆ ತಿಳಿಸಿದೆ. ನನ್ನ ಮೌನದ ವಿಷಯ ತಿಳಿಸಲಿಲ್ಲ. ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಕೇಳಿದರು: "ತಾಳು ಸವೆದಿತ್ತೇನಪ್ಪ, ನೋಡಿದ್ಯಾ?"

ನಾನು ನೋಡಿರಲಿಲ್ಲ.