ಮಿರಜಿನ ಕುಷ್ಠ ಚಿಕಿತ್ಸೆ: ಪ್ರತ್ಯೇಕ ವಸತಿಯಿಂದ ಮನೆಬಾಗಿಲಿಗೆ

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರು ಕಾಯಿಲೆ ಜೋರಾದರೆ ಮಿರಜದ ಹಾದಿ ಹಿಡಿಯುವುದು ಹಳೆಯ ರೂಢಿ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆದರು. ಕುಷ್ಠರೋಗಿಗಳಿಗೆಂದು ಬೇರೆಯೇ ವಸತಿ ಕಟ್ಟುವುದಕ್ಕೂ ಅವರು ಕೈಜೋಡಿಸಿದರು. ಲೆಪ್ರಸಿ ಮಿಶನ್ನಿನ ರಿಚರ್ಡ್‌ಸನ್ ಕುಷ್ಠರೋಗ ಆಸ್ಪತ್ರೆ ಇರುವುದೂ ಇದೇ ಊರಿನಲ್ಲಿ.

ವಾನ್ಲೆಸ್ ಆಸ್ಪತ್ರೆ ತೆರೆಯುವುದಕ್ಕೂ ಎರಡು ದಶಕ ಮೊದಲು, 1873ರಲ್ಲಿ, ನಾರ್ವೆಯ ಬರ್ಗೆನ್‌ನಲ್ಲಿ ಗೆರ್ಹಾರ್ಡ್ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯವನ್ನು ಸೂಕ್ಷ್ಮದರ್ಶಕದಡಿ ಗುರುತಿಸಿದ್ದರು. ಇದು ವಂಶದ ದೋಷವಲ್ಲ, ಪಾಪದ ಫಲವೂ ಅಲ್ಲ, ಸೋಂಕು ಎಂದು ಗೊತ್ತಾಯಿತು. ಆದರೆ ಕೈಯಲ್ಲಿ ಗುಣ ಕೊಡುವ ಮದ್ದಿಲ್ಲದ ಕಾಲ. ಆ ತಿಳಿವಳಿಕೆಯೇ ರೋಗಿಯನ್ನು ಇನ್ನಷ್ಟು ದೂರವಿಡಲು ಕಾರಣವಾದದ್ದು ನೋವಿನ ಸಂಗತಿ. 1897ರ ಬರ್ಲಿನ್ ಸಮ್ಮೇಳನ ಪ್ರತ್ಯೇಕವಾಸವನ್ನು ಶಿಫಾರಸು ಮಾಡಿತು. ಮರುವರ್ಷವೇ ಬ್ರಿಟಿಷ್ ಭಾರತದಲ್ಲಿ ಕುಷ್ಠರೋಗಿಗಳ ಕಾಯ್ದೆ ಬಂತು. ಅದು ರದ್ದಾದದ್ದು 2016ರಲ್ಲಿ.

ಹ್ಯಾನ್ಸನ್ ಕಂಡ ಆ ಮೈಕೋಬ್ಯಾಕ್ಟೀರಿಯಂ ಲೆಪ್ರೆ ವಿಚಿತ್ರ ಜೀವಿ. ಒಂದು ಎರಡಾಗಲು ಅದಕ್ಕೆ ಹತ್ತಿರ ಹತ್ತಿರ ಎರಡು ವಾರ ಬೇಕು. ಹಾಗಾಗಿ ಸೋಂಕು ತಗಲಿ ಮಚ್ಚೆ ಕಾಣುವಷ್ಟರಲ್ಲಿ ಸಾಮಾನ್ಯವಾಗಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಕಳೆದಿರುತ್ತದೆ. ಮೈಯಲ್ಲಿ ತಂಪಾದ ಜಾಗಗಳೇ ಅದಕ್ಕೆ ಪ್ರಿಯ: ಮೂಗು, ಕಿವಿಯ ಹಾಲೆ, ಚರ್ಮ, ಚರ್ಮಕ್ಕೆ ಸಮೀಪದ ನರ. ಪ್ರಯೋಗಾಲಯದ ತಟ್ಟೆಯಲ್ಲಿ ಇಂದಿಗೂ ಅದನ್ನು ಬೆಳೆಸಲಾಗಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿ ಬೆಳೆಸುವ ದಾರಿ ಸಿಕ್ಕ ಮೇಲೆಯೇ ಔಷಧಗಳನ್ನು ಸರಿಯಾಗಿ ಪರೀಕ್ಷಿಸಲು ಬಂತು. 2001ರಲ್ಲಿ ತಮಿಳುನಾಡಿನ ತಳಿಯೊಂದರ ಜೀನೋಮ್ ಓದಿದಾಗ ಬೇರೆ ಜೀವಿಯ ಮೈಯನ್ನೇ ನೆಚ್ಚುವ ಈ ಪರಾವಲಂಬನೆಯ ಕಾರಣ ತಿಳಿಯಿತು: ಸುಮಾರು 1,600 ಜೀನ್‌ಗಳು ಕೆಲಸ ಮಾಡುತ್ತವೆ, 1,100ರಷ್ಟು ಕೆಟ್ಟು ಕೂತಿವೆ.

ಮೊದಲಿಗೆ ಮದ್ದೆಂದು ಇದ್ದದ್ದು ಗರುಡಫಲದ ಜಾತಿಯ ಬೀಜದೆಣ್ಣೆ. ಚುಚ್ಚಿಸಿಕೊಂಡರೆ ನೋವು ಜಾಸ್ತಿ, ಗುಣ ಕಡಿಮೆ. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು, 1960ರ ದಶಕದಲ್ಲಿ ಅದಕ್ಕೂ ಜಗ್ಗದ ಬ್ಯಾಕ್ಟೀರಿಯ ಕಂಡವು. ನಿಜವಾದ ತಿರುವು 1981ರದು: ರಿಫಾಂಪಿಸಿನ್, ಕ್ಲೋಫಾಜಿಮೈನ್, ಡ್ಯಾಪ್ಸೋನ್ ಕೂಡಿಸಿ ಕೊಡುವ ಬಹು ಔಷಧ ಚಿಕಿತ್ಸೆ, ಅಂದರೆ ಎಂಡಿಟಿ. 1983ರಿಂದ ರಾಷ್ಟ್ರೀಯ ಕಾರ್ಯಕ್ರಮ ಅದನ್ನೇ ನೆಚ್ಚಿಕೊಂಡಿತು. ಮಚ್ಚೆ ಕಡಿಮೆ ಇದ್ದವರಿಗೆ ಆರು ತಿಂಗಳು, ಹೆಚ್ಚಿದ್ದವರಿಗೆ ಹನ್ನೆರಡು, ಮಾತ್ರೆ ಪುಕ್ಕಟೆ. ಚಿಕಿತ್ಸೆ ಶುರುವಾದ ಸ್ವಲ್ಪ ದಿನದಲ್ಲೇ ರೋಗ ಹರಡುವುದು ನಿಲ್ಲುತ್ತದೆ. ವಸತಿ ಬೇರೆ ಮಾಡಬೇಕಾದ ಪ್ರಮೇಯವೇ ಇಲ್ಲ.

2005ರ ಡಿಸೆಂಬರಿನಲ್ಲಿ ದೇಶದಲ್ಲಿ ರೋಗಿಗಳ ಪ್ರಮಾಣ 10,000 ಜನರಿಗೆ ಒಂದಕ್ಕಿಂತ ಕೆಳಗಿಳಿಯಿತು. ಆ ಸಂಖ್ಯೆ ನಮ್ಮನ್ನು ಮೈಮರೆಸಿತು ಎಂದೇ ನನ್ನ ಅಭಿಪ್ರಾಯ. ರೋಗ ಹೋಯಿತೆಂಬ ಭಾವನೆ ಹಬ್ಬಿತು, ಹುಡುಕುವ ಕಣ್ಣು ಮಂಜಾಯಿತು. ಇವತ್ತಿಗೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು.

ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಡ. ಕಣ್ಣು ಮುಚ್ಚಿಸಿ, ತಿಳಿ ಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆಯ ಮೇಲೆ ಹತ್ತಿಯ ಎಳೆ ತಾಗಿಸಿ, ಎಲ್ಲಿ ಮುಟ್ಟಿದೆ ತೋರಿಸು ಎನ್ನಬೇಕು. ಬೆರಳು ತಡವರಿಸಿದರೆ ಅನುಮಾನ. ಆಮೇಲೆ ಮೊಣಕೈ ಹಿಂದಿನ ನರವನ್ನು ಬೆರಳಲ್ಲಿ ಉರುಳಿಸಿ, ಅದು ದಪ್ಪವಾಗಿದೆಯೇ, ಒತ್ತಿದರೆ ನೋಯುತ್ತದೆಯೇ ನೋಡಬೇಕು. ಬ್ಯಾಕ್ಟೀರಿಯ ಸತ್ತ ಮೇಲೂ ದೇಹದ ಪ್ರತಿಕ್ರಿಯೆಯಿಂದ ನರ ಊದಿಕೊಂಡು ಕೆಲವೇ ದಿನದಲ್ಲಿ ಕೈ ಸೋಲಬಹುದು. ತಡಮಾಡದೆ ಪ್ರೆಡ್ನಿಸೊಲೋನ್ ಕೊಟ್ಟರೆ ಉಳಿಸಿಕೊಳ್ಳಬಹುದು. ಮಾತ್ರೆ ಮುಗಿಯಿತು ಎಂದು ರೋಗಿಯನ್ನು ಮರೆಯುವ ವ್ಯವಸ್ಥೆ ಸೋಲುವುದು ಇಲ್ಲೇ.

ನರ ಸತ್ತವರಿಗೆ ಬದುಕಿಡೀ ಆರೈಕೆ ಬೇಕು. ಕೊಕ್ಕೆಯಾದ ಬೆರಳಿಗೆ ಸ್ನಾಯುರಜ್ಜು ಬದಲಿಸಿ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಬೆಳೆಸಿದರು. ಪಾದವನ್ನು ದಿನವೂ ನೀರಲ್ಲಿ ನೆನೆಸಿ, ಗಟ್ಟಿ ಚರ್ಮ ಉಜ್ಜಿ, ಎಣ್ಣೆ ಹಚ್ಚಬೇಕು. ಮೆತ್ತನೆಯ ಮೈಕ್ರೋಸೆಲ್ಯುಲಾರ್ (ಎಂಸಿಆರ್) ರಬ್ಬರಿನ ಚಪ್ಪಲಿಯೂ ಬೇಕು. ಕೃಷ್ಣಾ ದಂಡೆಯ ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿದ್ದು ಗೊತ್ತಾಗದೆ ಸಂಜೆಯವರೆಗೆ ದುಡಿಯುವ ಕಾಲಿಗೆ ಆ ಚಪ್ಪಲಿ ಮಾತ್ರೆಯಷ್ಟೇ ಮುಖ್ಯ.

ಈಗಿನ ಹೆಜ್ಜೆ ರೋಗಿಯ ಮನೆಯವರ ಕಡೆಗೆ. ಜೊತೆಗಿರುವವರಿಗೆ ಒಂದೇ ಸಲ ರಿಫಾಂಪಿಸಿನ್ ಕೊಟ್ಟರೆ ಮೊದಲ ಎರಡು ವರ್ಷ ರೋಗ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು ಬಾಂಗ್ಲಾದೇಶದ ಪ್ರಯೋಗ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಶಿಫಾರಸು ಮಾಡಿತು. ಆದರೆ ಮಾತ್ರೆ ಕೊಡುವ ಮೊದಲು ಯಾರ ರೋಗಕ್ಕಾಗಿ ಎಂಬುದನ್ನು ಹೊರಗೆಡವಲು ಆ ವ್ಯಕ್ತಿ ಒಪ್ಪಬೇಕು. ನೆರೆಮನೆಗೆ ತಿಳಿದರೆ ಮಗಳ ಸಂಬಂಧ ಮುರಿದೀತು ಎಂಬ ಅಂಜಿಕೆ ಇರುವಲ್ಲಿ ಆಶಾ ಕಾರ್ಯಕರ್ತೆ ಮಾತ್ರೆಗಿಂತ ಮೊದಲು ಆ ಒಪ್ಪಿಗೆಯನ್ನು ಗಳಿಸಬೇಕಾಗಿದೆ.